ಮೊದಲ ಸಲದ ಬೇಡ

ಈಚೆಗೆ ಹೊಸದಾಗಿ ನೇಮಕವಾದ ಇಂಗ್ಲಿಷ್ ಶಿಕ್ಷಕಿಯೊಬ್ಬಳು ಶಿರಸಿಯ ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಸಿದ್ದಾಪುರ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಹಾಕಿದ್ದಾರಂತೆ. ಚೀಲದಿಂದ ಪಠ್ಯಪುಸ್ತಕ ತೆಗೆದು, ನೀಡ್, ಮಸ್ಟ್, ಶುಡ್, ಹ್ಯಾವ್ ಟು, ಲ್ಯಾಕ್, ಇವನ್ನೆಲ್ಲ ಮಕ್ಕಳಿಗೆ ಯಾವ ಕ್ರಮದಲ್ಲಿ ಹೇಳಿಕೊಡಬೇಕು ಮೇಡಂ ಎಂದು ಕೇಳಿದಳು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಮೊದಲು ಚಹಾ ಬೇಕಾ ಎಂದೆ. "ಅಯ್ಯೋ, ಎಂತೂ ಬೇಡ ಮೇಡಂ" ಎಂದಳು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಅವಳ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹಾನಗಲ್ ಕಡೆಯವಳು. ನಮ್ಮಲ್ಲಿ ಮನೆಗೆ ಬಂದವರನ್ನು ಬೇಕೋ ಬೇಡವೋ ಎಂದು ಕೇಳುವ ಪದ್ಧತಿಯೇ ಇಲ್ಲ. ಬಂದು ಕೂತರೆ ತಾಟು ಬರುತ್ತದೆ, ತಾಟಿನಲ್ಲಿ ರೊಟ್ಟಿ ಬರುತ್ತದೆ. ಅಕಸ್ಮಾತ್ ಯಾರಾದರೂ ಕೇಳಿದರೆ ಹಸಿದವರು ಹೂಂ ಅನ್ನುತ್ತಾರೆ, ಉಂಡವರು ಒಲ್ಲೆ ಅನ್ನುತ್ತಾರೆ, ಮಾತು ಮುಗಿಯಿತು. ತೊಂಬತ್ತರ ದಶಕದ ಆರಂಭದಲ್ಲಿ ಯಲ್ಲಾಪುರದ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದಾಗ ಈ ಬುದ್ಧಿಯನ್ನೇ ಕಟ್ಟಿಕೊಂಡು ಬಂದಿದ್ದೆ.

ಬಾಡಿಗೆ ಕೋಣೆ ಕೊಟ್ಟವರು ಪಾರ್ವತಕ್ಕ ಎಂಬ ಹಿರಿಯ ಹೆಂಗಸು. ಟ್ರಂಕು ಇಳಿಸಿದ ದಿನ ಬಾಗಿಲಲ್ಲಿ ನಿಂತು, "ಆಸ್ರಿಗೆ ಎಂತ ಬೇಕು ತಂಗಿ?" ಎಂದರು. ಆಸ್ರಿ ಎಂದರೆ ಕುಡಿಯುವುದಕ್ಕೆ ಏನಾದರೂ ಇರಬೇಕು ಎಂದು ಅವರ ಕೈಯಲ್ಲಿದ್ದ ಲೋಟ ನೋಡಿ ತಿಳಿದುಕೊಂಡೆ.

"ಚಾ ಕೊಡ್ರಿ. ಜೋಡಿಗೆ ತಿನ್ನಾಕ ಏನರ ಇದ್ರ ಅದನ್ನೂ ಕೊಡ್ರಿ, ಮುಂಜಾನಿಂದ ಏನೂ ತಿಂದಿಲ್ಲ" ಎಂದೆ.

ಅವರು ಚಹಾ ಕೊಟ್ಟರು, ಅವಲಕ್ಕಿಯನ್ನೂ ಕೊಟ್ಟರು. ಆದರೆ ಸಂಜೆಯೊಳಗೆ ನನ್ನ ಸುದ್ದಿ ಕೇರಿಯಲ್ಲಿ ಒಂದು ಸುತ್ತು ಹಾಕಿ ಬಂದಿತ್ತು. ಹೊಸ ಅಕ್ಕೋರು ಕೇಳಿದ ಕೂಡಲೇ ಬೇಕು ಅಂದರಂತೆ, ಕೇಳದೇ ಇದ್ದದ್ದನ್ನೂ ಬೇಕು ಅಂದರಂತೆ. ಯಾರೂ ಕೆಟ್ಟದಾಗಿ ಆಡಿಕೊಳ್ಳಲಿಲ್ಲ, ಆದರೆ ನನ್ನನ್ನು ಕಂಡಾಗ ಹೆಂಗಸರ ಮುಖದಲ್ಲಿ ಒಂದು ನಗು ಇರುತ್ತಿತ್ತು.

ಇದಕ್ಕೆ ಉಲ್ಟಾ ಇನ್ನೊಂದು ನಡೆಯಿತು. ನನ್ನ ಕೋಣೆಗೆ ಬಂದ ಪಕ್ಕದ ಮನೆಯವರಿಗೆ ಚಹಾ ಬೇಕೇನ್ರಿ ಎಂದು ಕೇಳುತ್ತಿದ್ದೆ. ಬೇಡ ಎನ್ನುತ್ತಿದ್ದರು. ಸರಿ ಎಂದು ಮಾತಿಗೆ ಕೂರುತ್ತಿದ್ದೆ. ಅವರು ಒಣಗಿದ ಗಂಟಲಲ್ಲಿ ಒಂದು ತಾಸು ಮಾತಾಡಿ ಎದ್ದು ಹೋಗುತ್ತಿದ್ದರು. ಅಕ್ಕೋರು ಪಾಪ ಒಳ್ಳೆಯವರು, ಆದರೆ ಕೈ ಬಿಗಿ ಎಂದು ಹೆಸರಾಯಿತು. ಇದು ತಡೆಯಲಾಗದೆ ಪಾರ್ವತಕ್ಕ ಒಂದು ದಿನ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು.

"ಮೊದಲ್ನೇ ಸಲದ ಬೇಡ ಲೆಕ್ಕಕ್ಕೆ ಇಲ್ಲೆ ತಂಗಿ. ಎರಡ್ನೇ ಸಲ ಕೇಳವು. ಅಷ್ಟೊತ್ತಿಗೆ ಅಡ್ಡಿಲ್ಲೆ ಹೇಳ್ತ. ಅಡ್ಡಿಲ್ಲೆ ಹೇಳಿರೆ ತಂದು ಇಡವು."

"ಮತ್ತ ಬ್ಯಾಡ ಅಂದದ್ದು ಖರೇನ ಇದ್ರ?"

"ಅದು ಮುಖ ನೋಡಿರೆ ಗೊತ್ತಾಗ್ತು."

ಎರಡನೇ ಸಲ ಕೇಳಬೇಕು, ಅಡ್ಡಿಯಿಲ್ಲ ಎಂದರೆ ಬೇಕು ಎಂದೇ ತಿಳಿಯಬೇಕು ಎಂಬ ಈ ವಿಷಯವನ್ನು, ಶಿಕ್ಷಕರ ತರಬೇತಿಯಲ್ಲಿ ಒಂದು ವರ್ಷ ಕೂತು ಬಂದವಳಿಗೆ ಯಾರೂ ಹೇಳಿರಲಿಲ್ಲ. ಬಿ.ಎಡ್. ನೋಟ್ಸಿನಲ್ಲಿ ಇಂಗ್ಲಿಷಿನ ನೀಡ್ ಎಂದರೆ ಕನ್ನಡದ ಬೇಕು ಎಂದು ಒಂದು ಗೆರೆಯಲ್ಲಿ ಮುಗಿದಿತ್ತು.

ಯಲ್ಲಾಪುರದ ನಮ್ಮ ಹೆಡ್‌ಮಾಸ್ಟರಿಗೆ ಮಕ್ಕಳು ಇಟ್ಟ ಹೆಸರು ಮಸ್ಟ್ ಸರ್. ಅವರಿಗೆ ಇಂಗ್ಲಿಷಿನಲ್ಲಿ ಆ ಒಂದು ಪದದ ಮೇಲೆ ವಿಪರೀತ ಪ್ರೀತಿ. ನೀರಿನ ಟ್ಯಾಂಕಿನ ಮೇಲೆ, ಸೈಕಲ್ ನಿಲ್ಲಿಸುವಲ್ಲಿ, ಶಿಕ್ಷಕರ ಕೋಣೆಯ ಬಾಗಿಲಿಗೆ, ಎಲ್ಲೆಲ್ಲೂ ಹಲಗೆ. ಎಲ್ಲದರಲ್ಲೂ ಮಸ್ಟ್. ಮಕ್ಕಳು ಮಸ್ಟ್ ಸಾಲಾಗಿ ನಿಲ್ಲಬೇಕು, ಶಿಕ್ಷಕರು ಮಸ್ಟ್ ಗಂಟೆಗೆ ಮೊದಲು ಬರಬೇಕು, ಜವಾನ ಮಸ್ಟ್ ಗಂಟೆ ಹೊಡೆಯಬೇಕು. ಆ ಹಲಗೆಗಳನ್ನು ಓದಿ ಯಾರೂ ಒಂದು ಹೆಜ್ಜೆ ಬೇಗ ಬಂದದ್ದನ್ನು ನಾನು ಕಾಣಲಿಲ್ಲ. ಈ ಸೀಮೆಯಲ್ಲಿ ಅಪ್ಪಣೆ ಹಾಗೆ ನಡೆಯುವುದಿಲ್ಲ. ಜವಾನನಿಗೆ ಪಾರ್ವತಕ್ಕನ ಧಾಟಿಯಲ್ಲಿ, ಒಂದ್ಚೂರು ಬೇಗ ಗಂಟೆ ಹೊಡೆದಿದ್ರೆ ಆಗ್ತಿತ್ತು ಎಂದು ನಾನು ಹೇಳಿದ ದಿನ ಅವನು ಹೊತ್ತಿಗೆ ಸರಿಯಾಗಿ ಹೊಡೆದ. ಹೆಡ್‌ಮಾಸ್ಟರು ಅದು ಹಲಗೆಯ ಫಲ ಎಂದುಕೊಂಡರು.

ಮಸ್ಟ್ ಎಂಬ ಪದಕ್ಕೆ ಊರಲ್ಲಿ ನಿಜವಾಗಿ ಬೆಲೆ ಕೊಡುತ್ತಿದ್ದವರು ಖಾದರ್ ಸಾಹೇಬರು. ಅವರದು ಲಾರಿ ವ್ಯವಹಾರ, ಮಗಳು ಶಮೀಮ್ ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ಘಟ್ಟ ಇಳಿದು ಹತ್ತುವ ಲಾರಿಗಳಿಗೆ ಬರುವ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ. ಪಾಲಕರ ಸಭೆಗೆ ಬಂದವರು ಮಗಳ ಅಂಕ ಕೇಳಲಿಲ್ಲ.

"ಟೀಚರ್, ಶೇಕ್ಸ್‌ಪಿಯರು ಗೀಕ್ಸ್‌ಪಿಯರು ಆಮೇಲೆ ಕಲೀಲಿ. ಯಾವ್ದು ಮಾಡ್ಲೇಬೇಕು, ಯಾವ್ದು ಮಾಡಿದ್ರೆ ಒಳ್ಳೇದು, ಯಾವ್ದು ಮಾಡ್ದಿದ್ರೂ ನಡೀತದೆ, ಅಷ್ಟು ಓದಿ ಹೇಳೋ ಹಂಗೆ ಮಾಡ್ಕೊಡಿ, ಸಾಕು."

ನಕ್ಕುಬಿಟ್ಟೆ. ಆದರೆ ಮರುದಿನದಿಂದ ತರಗತಿಯ ಕಪ್ಪು ಹಲಗೆಯ ಮೇಲೆ ಮೂರು ಕಂಬ ಎಳೆದು ಹಾಗೆಯೇ ಕಲಿಸಿದೆ. ಮೊದಲ ಕಂಬದಲ್ಲಿ ಮಸ್ಟ್ ಮತ್ತು ಹ್ಯಾವ್ ಟು, ನಡುವಿನದರಲ್ಲಿ ಶುಡ್, ಕೊನೆಯದರಲ್ಲಿ ನೀಡ್ ನಾಟ್. ಮಕ್ಕಳು ತಮ್ಮ ಮನೆಯ ಕೆಲಸಗಳನ್ನೆಲ್ಲ ತಂದು ಆ ಕಂಬಗಳಿಗೆ ಹಂಚಿದರು. ಪಾತ್ರೆ ತೊಳೆಯುವುದು ಹುಡುಗಿಯರಿಗೆಲ್ಲ ಮೊದಲ ಕಂಬಕ್ಕೆ ಬಂತು, ಹುಡುಗರಿಗೆಲ್ಲ ಕೊನೆಯ ಕಂಬಕ್ಕೆ. ಅದನ್ನು ಓದಿ ಶಮೀಮ್ ಎದ್ದು ನಿಂತು ಹುಡುಗರ ಕಡೆ ನೋಡಿದ ನೋಟ ಈಗಲೂ ನೆನಪಿದೆ. ನಾನು ವೃತ್ತಿಯಲ್ಲಿ ಬಳಸಿದ ಉಪಾಯಗಳಲ್ಲಿ ಈ ಮೂರು ಕಂಬದ್ದೇ ಕೊನೆವರೆಗೂ ಬಾಳಿಕೆ ಬಂತು.

ಅಲ್ಲಿಂದ ನನಗೆ ಹೆಗ್ಗರಣೆ ಕಡೆಯ ಒಂದು ಹೈಸ್ಕೂಲಿಗೆ ವರ್ಗವಾಯಿತು. ನಾಗವೇಣಿ ಸಿಕ್ಕಿದ್ದು ಅಲ್ಲಿ. ಅವಳ ಅಪ್ಪ ಮದುವೆ ಮುಂಜಿಗಳ ಅಡುಗೆಗೆ ಹೋಗುವವರ ಜೊತೆ ಬಡಿಸಲು ಹೋಗುತ್ತಿದ್ದವರು. ಲಗ್ನದ ಕಾಲದಲ್ಲಿ ಮನೆಯಲ್ಲಿ ಇರುತ್ತಲೇ ಇರಲಿಲ್ಲ, ಮಿಕ್ಕ ಕಾಲದಲ್ಲಿ ಕೆಲಸ ಇರುತ್ತಿರಲಿಲ್ಲ. ಹುಡುಗಿ ಸಣ್ಣ ದನಿಯವಳು, ಬರವಣಿಗೆ ದುಂಡು, ಹೇಳಿದ್ದು ಒಂದೇ ಸಲಕ್ಕೆ ತಲೆಗೆ ಹೋಗುತ್ತಿತ್ತು. ನರ್ಸ್ ಆಗಬೇಕು ಎಂಬ ಆಸೆ. ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದುತ್ತೇನೆ ಎನ್ನುತ್ತಿದ್ದಳು. ಓದಬೇಕಾದರೆ ಶಿರಸಿಯಲ್ಲಿ ಇರಬೇಕು, ದಿನಾ ಹೋಗಿ ಬರಲು ಬಸ್ಸಿನ ಹೊತ್ತು ಹೊಂದುವುದಿಲ್ಲ, ಉಳಿದುಕೊಳ್ಳಲು ನೆಂಟರೂ ಇಲ್ಲ. ಹತ್ತನೇ ತರಗತಿ ಮುಗಿದ ಮೇಲೆ ಮನೆಯಲ್ಲಿ ಇಟ್ಟುಕೊಂಡು ಎಂತ ಮಾಡೋದು, ಗಂಡು ನೋಡೋದೇ ಎಂದು ಅವಳ ತಾಯಿ ನನ್ನೆದುರೇ ಹೇಳಿದ್ದರು. ಕೂತು ಎಣಿಸಿದರೆ ಅವಳ ಮುಂದಿದ್ದ ದಾರಿ ಒಂದೇ, ಶಿರಸಿಯಲ್ಲಿ ಯಾವುದಾದರೂ ಉಚಿತ ಹಾಸ್ಟೆಲ್ಲು.

ಆ ಶಾಲೆಯಲ್ಲಿ ನಾನು ಪಂಕ್ತಿ ಪಾಠ ಶುರು ಮಾಡಿದೆ. ಪುಸ್ತಕದಲ್ಲಿದ್ದ ಸಂಭಾಷಣೆಯಲ್ಲಿ ಟಾಮ್ ಎಂಬವನು ಅಂಗಡಿಗೆ ಹೋಗಿ ಐ ನೀಡ್ ಎ ಪೆನ್ಸಿಲ್ ಅನ್ನುತ್ತಿದ್ದ. ಮಕ್ಕಳು ಅದನ್ನು ದೇವರ ಮಂತ್ರ ಹೇಳುವಂತೆ ಹೇಳುತ್ತಿದ್ದರು. ಅದನ್ನು ಬಿಟ್ಟು, ಮಕ್ಕಳನ್ನು ಜಗುಲಿಯಲ್ಲಿ ಊಟದ ಪಂಕ್ತಿಯಂತೆ ಕೂರಿಸಿ, ಎದುರಿಗೆ ಕಾಗದದ ಬಾಳೆಲೆ ಹಾಕಿ, ನಾಲ್ಕು ಮಂದಿಗೆ ಬಡಿಸುವ ಕೆಲಸ ಕೊಟ್ಟೆ. ಬಡಿಸುವವರು ಇಂಗ್ಲಿಷಿನಲ್ಲಿ ಕೇಳಬೇಕು, ಕೂತವರು ಇಂಗ್ಲಿಷಿನಲ್ಲಿ ಉತ್ತರಿಸಬೇಕು. ಡು ಯು ನೀಡ್ ರೈಸ್? ಡು ಯು ವಾಂಟ್ ಪಾಯಸ? ಮಕ್ಕಳಿಗೆ ಎಲ್ಲಿಲ್ಲದ ಉಮೇದು ಬಂತು. ಅಪ್ಪನನ್ನು ನೋಡಿ ಕಲಿತಿದ್ದ ನಾಗವೇಣಿ ಬಗ್ಗಿ ಬಡಿಸುವ ರೀತಿಯೇ ಬೇರೆ.

ಅದೇ ಹೊತ್ತಿಗೆ ಇಂಗ್ಲಿಷ್ ವಿಷಯ ಪರಿವೀಕ್ಷಕರು ಶಾಲೆಗೆ ಬಂದರು. ಮೈಸೂರು ಕಡೆಯವರು, ನಸ್ಯದ ಚಟ. ಜಗುಲಿಯ ಕಂಬಕ್ಕೆ ಒರಗಿ ಪಂಕ್ತಿಯನ್ನು ನೋಡಿದರು. ಡು ಯು ನೀಡ್ ರೈಸ್ ಎಂದರೆ ಸಾಲಿಗೆ ಸಾಲು ನೋ, ನೋ ಎನ್ನುತ್ತಿತ್ತು. ಬಡಿಸುವವಳು ಮತ್ತೆ ಕೇಳಿ, ಉತ್ತರಕ್ಕೂ ಕಾಯದೆ ಎಲೆಗೆ ಹಾಕಿ ಮುಂದೆ ಹೋಗುತ್ತಿದ್ದಳು. ಕೂತವರು ತೃಪ್ತಿಯಿಂದ ಉಣ್ಣುವ ಅಭಿನಯ ಮಾಡುತ್ತಿದ್ದರು.

"ಏನಮ್ಮಾ ಇದು," ಎಂದರು ಪರಿವೀಕ್ಷಕರು. "ನಿಮ್ಮ ಮಕ್ಕಳಿಗೆ ನೀಡ್ ಅನ್ನೋದರ ಅರ್ಥವೇ ಆಗಿಲ್ಲವಲ್ಲ. ನೋ ಅಂದವರಿಗೆ ಅನ್ನ ಹಾಕ್ತಾರೆ, ಅವರು ತಿಂತಾರೆ."

"ಅರ್ಥ ಆಗೇತ್ರಿ ಸರ್. ಇಲ್ಲಿ ಊಟಕ್ಕ ಕುಂತ್ರ ಹಿಂಗ ಹೇಳ್ತಾರ್ರಿ."

ಅವರು ಒಪ್ಪಲಿಲ್ಲ. ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ಯಾರದೋ ಮನೆಯಿಂದ ಬಂದ ತೊಡದೇವು ಇಟ್ಟಿತ್ತು. ಕಬ್ಬಿನ ಹಾಲಿನಲ್ಲಿ ಕಾಗದದಷ್ಟು ತೆಳ್ಳಗೆ ಮಾಡುವ ಈ ಕಡೆಯ ಸಿಹಿ ಅದು. ತಗೊಳ್ಳಿ ಸರ್ ಎಂದರೆ ಬೇಡ ಬೇಡ, ಸಕ್ಕರೆ ಕಾಯಿಲೆ ಎಂದರು. ಈ ಶಾಲೆಯ ಹೆಡ್‌ಮಾಸ್ಟರು ಮತ್ತೊಂದು ಸಲ ಡಬ್ಬಿ ಮುಂದೆ ಮಾಡಿದರು. ಸಾಹೇಬರು ಹೊರಡುವ ಹೊತ್ತಿಗೆ ಡಬ್ಬಿಯ ತಳ ಕಾಣುತ್ತಿತ್ತು. ಆದರೂ ತಪಾಸಣೆಯ ಷರಾದಲ್ಲಿ, ಮಕ್ಕಳು ಅರ್ಥ ತಿಳಿಯದೆ ಉರು ಹೊಡೆದಿದ್ದಾರೆ ಎಂದು ಬರೆದು ಹೋದರು. ಮೇಲಿನವರ ಬಗ್ಗೆ ನನಗೆ ಅಂದಿನಿಂದ ಹೆಚ್ಚು ನಿರೀಕ್ಷೆಯೂ ಇಲ್ಲ, ಹೆಚ್ಚು ಸಿಟ್ಟೂ ಇಲ್ಲ.

ಲ್ಯಾಕ್ ಎಂಬ ಪದದ ಪಾಠ ಮಾತ್ರ ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿತು. ನಿಮ್ಮಲ್ಲಿ ಏನು ಕೊರತೆ ಇದೆಯೋ ಅದನ್ನು ಆ ಪದ ಬಳಸಿ ಬರೆಯಿರಿ ಎಂದಿದ್ದೆ. ಕೊಡೆಯ ಕಡ್ಡಿ ಮುರಿದವರು, ಅಣ್ಣನ ಹಳೇ ಅಂಗಿ ಹಾಕಿದವರು, ಕಂಪಾಸ್ ಪೆಟ್ಟಿಗೆ ಇಲ್ಲದೆ ಲೆಕ್ಕದ ಮಾಸ್ತರರಿಂದ ಬೈಸಿಕೊಳ್ಳುವವರು ಎಲ್ಲ ಕೂತು ಬರೆದರು. ಊರಿಗೆ ಸೇತುವೆ ಇಲ್ಲ, ಶಾಲೆಗೆ ಗಡಿಯಾರ ಇಲ್ಲ, ಭಜನಾ ಮಂಡಳಿಗೆ ತಬಲಾ ಇಲ್ಲ. ವಾಕ್ಯಗಳು ಸರಿಯಾಗಿದ್ದವು. ನನಗೆ ಇಂಥದ್ದು ಇಲ್ಲ ಎಂದು ಒಬ್ಬರೂ ಬರೆದಿರಲಿಲ್ಲ. ನಾಗವೇಣಿ ಬರೆದದ್ದು ಅವರ್ ಸ್ಕೂಲ್ ಲ್ಯಾಕ್ಸ್ ಎ ಬೆಲ್. ಗಂಟೆ ಬಿರುಕು ಬಿಟ್ಟಿದ್ದು ನಿಜ. ಅವಳ ಕಾಲಲ್ಲಿ ಚಪ್ಪಲಿ ಇಲ್ಲದ್ದೂ ನಿಜ.

ಪರೀಕ್ಷೆಯಲ್ಲಿ ಅವಳು ಶಾಲೆಗೆ ಮೊದಲನೆಯವಳಾದಳು. ಶಿರಸಿಯಲ್ಲಿ ಒಂದು ಟ್ರಸ್ಟಿನವರು ಪಿಯುಸಿ ಹುಡುಗಿಯರಿಗಾಗಿ ಸಣ್ಣ ಹಾಸ್ಟೆಲ್ ನಡೆಸುತ್ತಿದ್ದರು. ಊಟ, ವಸತಿ, ಪುಸ್ತಕ ಎಲ್ಲ ಪುಕ್ಕಟೆ. ನಮ್ಮ ಕಡೆಯ ಶಾಲೆಗಳಿಂದ ಬಂದವರಿಗೆ ಆ ವರ್ಷ ಉಳಿದಿದ್ದದ್ದು ಒಂದೇ ಜಾಗ. ಸಂದರ್ಶನ ಮಾಡುವವರು ಟ್ರಸ್ಟಿನ ಹಿರಿಯರಾದ ಶ್ರೀಪಾದರಾಯರು. ಇದೇ ಸೀಮೆಯವರಾದರೂ ವಯಸ್ಸೆಲ್ಲ ಮುಂಬಯಿಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಶಿರಸಿಗೆ ಬಂದು ನೆಲೆಸಿದವರು. ಸಂದರ್ಶನ ಇಂಗ್ಲಿಷಿನಲ್ಲೇ ಇರುತ್ತದೆ ಎಂದು ಮೊದಲೇ ತಿಳಿಸಿದ್ದರು. ನಾನು ನಾಗವೇಣಿಯನ್ನು ಚೆನ್ನಾಗಿ ತಯಾರು ಮಾಡಿ ಅಪ್ಪನ ಜೊತೆ ಕಳಿಸಿದೆ.

ಮರುದಿನ ಹುಡುಗಿ ಸುದ್ದಿ ಹೇಳಲು ನಗುನಗುತ್ತ ಶಾಲೆಗೆ ಬಂದಳು. ಎಲ್ಲ ಪ್ರಶ್ನೆಗೂ ಉತ್ತರ ಹೇಳಿದೆ, ಬಹಳ ಚಂದ ಇಂಗ್ಲಿಷು ಎಂದು ಹೊಗಳಿದರು ಎಂದಳು. ನನಗೂ ಖುಷಿಯಾಯಿತು. ವಾರ ಕಳೆಯುವಷ್ಟರಲ್ಲಿ ಜಾಗ ಬೇರೆ ಹುಡುಗಿಗೆ ಸಿಕ್ಕಿತು ಎಂದು ಸುದ್ದಿ ಬಂತು.

ಕಾರಣ ತಿಳಿಯಲಿಲ್ಲ. ಅವಳನ್ನು ಕರೆಸಿ, ಅವರು ಏನು ಕೇಳಿದರು, ನೀನು ಏನು ಹೇಳಿದೆ, ಮೊದಲಿನಿಂದ ಹೇಳು ಎಂದೆ. ಹೇಳುತ್ತ ಹೋದಳು. ಹೆಸರು, ಊರು, ಓದು. ಕೊನೆಯಲ್ಲಿ ರಾಯರು ಡು ಯು ನೀಡ್ ದ ಹಾಸ್ಟೆಲ್ ಎಂದು ಕೇಳಿದರಂತೆ.

"ನೀ ಏನಂದಿ?"

"ನೋ ಸರ್, ಥ್ಯಾಂಕ್ ಯೂ ಸರ್ ಹೇಳ್ದಿ."

ನೀಡ್ ಎಂದರೆ ಏನು ಎಂದು ಗೊತ್ತಿಲ್ಲವೇ ಎಂದೆ. ಗೊತ್ತಿದೆ ಎಂದಳು. ಮತ್ತೆ ಯಾಕೆ ಹಾಗೆ ಹೇಳಿದೆ ಎಂದೆ. ಸಾಮಾನ್ಯವಾಗಿ ನನ್ನ ಜೊತೆ ಶಾಲೆಯ ಕನ್ನಡದಲ್ಲಿ ಮಾತಾಡುತ್ತಿದ್ದವಳು ಆ ದಿನ ಪೂರಾ ಮನೆಯ ಮಾತಿಗೆ ಇಳಿದಿದ್ದಳು.

"ಆನು ಇನ್ನೊಂದು ಸಲ ಕೇಳ್ತ ಹೇಳಿ ಮಾಡಿದ್ದಿ ಅಕ್ಕೋರೆ" ಎಂದಳು. ಇನ್ನೊಂದು ಸಲ ಕೇಳುತ್ತಾರೆ ಎಂದುಕೊಂಡಿದ್ದೆ ಎಂದು ಅದರ ಅರ್ಥ. "ದೊಡ್ಡವ್ರು ಕೇಳ್ದ ಕೂಡ್ಲೆ ಬೇಕು ಹೇಳೂದು ಹೆಂಗೆ?"

ಕೂತು ಅಳತೊಡಗಿದಳು. ಪಾರ್ವತಕ್ಕನ ಪಾಠ ನನಗೆ ನೆನಪಾಯಿತು. ರಾಯರು ಒಂದೇ ಸಲ ಕೇಳಿ, ಕೈ ಮುಗಿದು, ಮುಂದಿನವಳನ್ನು ಕರೆದಿದ್ದರು. ಅತ್ತ ತಾಯಿ ಗಂಡಿನ ಕಡೆಯವರಿಗೆ ಹೇಳಿ ಕಳಿಸುವ ತಯಾರಿಯಲ್ಲಿದ್ದರು.

ಆ ಶನಿವಾರ ಶಾಲೆ ಬಿಟ್ಟ ಮೇಲೆ ನಾಗವೇಣಿಯನ್ನು ಕರೆದುಕೊಂಡು ಶಿರಸಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಕೇಳಿದ ಕೂಡಲೇ ಬೇಕು ಅನ್ನಬೇಕು ಎಂದು ಹೇಳಿಕೊಟ್ಟೆ. ಹೂಂ ಎನ್ನುತ್ತಿದ್ದಳು. ಹೇಳು ನೋಡೋಣ ಎಂದರೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ರಾಯರ ಮನೆಯಲ್ಲಿ ಅವರೂ ಅವರ ಹೆಂಡತಿ ಸಾವಿತ್ರಮ್ಮನೂ ಇದ್ದರು. ಸಾವಿತ್ರಮ್ಮ ಆಸ್ರಿಗೆ ಎಂತ ಬೇಕು ಎಂದರು, ನಾವಿಬ್ಬರೂ ಬೇಡ ಎಂದೆವು, ಮುರುಗಲು ಹಣ್ಣಿನ ಪಾನಕ ಬಂತು. ರಾಯರು ನಮ್ಮನ್ನು ಗೌರವದಿಂದಲೇ ಕಂಡರು.

"ಮೇಡಂ, ನಿಮ್ಮ ಹುಡುಗಿಯ ಇಂಗ್ಲಿಷು ಎಲ್ಲರಿಗಿಂತ ಚೆನ್ನಾಗಿತ್ತು. ನಾನು ಸ್ಪಷ್ಟವಾಗಿ ಕೇಳಿದೆ. ಬೇಡ ಅಂದಳು. ಸ್ವಾಭಿಮಾನದ ಹುಡುಗಿ, ಬೇರೆ ವ್ಯವಸ್ಥೆ ಇರಬೇಕು ಅಂದುಕೊಂಡೆ. ಬೇಕು ಅಂದವರಿಗೆ ಕೊಟ್ಟೆ. ಇದರಲ್ಲಿ ತಪ್ಪೇನಿದೆ?"

ತಪ್ಪು ನನಗೂ ಕಾಣಲಿಲ್ಲ. ನಡೆದದ್ದನ್ನು ಹೇಳಿದೆ. ಅವರಿಗಿಂತ ಮೊದಲು ಅವರ ಹೆಂಡತಿಗೆ ಅರ್ಥವಾಯಿತು.

"ಒಂದೇ ಸಲ ಕೇಳಿ ಬಿಟ್ಟದ್ದಾ?" ಎಂದು ಸಾವಿತ್ರಮ್ಮ ಗಂಡನ ಕಡೆ ತಿರುಗಿದರು.

"ಅದು ಸಂದರ್ಶನ ಮಾರಾಯ್ತಿ, ನೆಂಟರ ಉಪಚಾರ ಅಲ್ಲ."

"ಮಕ್ಕೊಗೆ ಅದೆಲ್ಲ ಎಂತ ಗೊತ್ತು?"

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂಬಯಿಯ ಆಫೀಸಿನಲ್ಲಿ ಒಂದೇ ಸಲ ಕೇಳಿ ಒಂದೇ ಸಲ ಹೇಳಿ ಅಭ್ಯಾಸವಾಗಿದ್ದ ಮನುಷ್ಯ, ಆದರೆ ಹುಟ್ಟಿದ್ದು ಇಲ್ಲೇ. ನಾಗವೇಣಿಯ ಕಡೆ ತಿರುಗಿ, ಮೃದುವಾಗಿ, ಈ ಕಡೆಯ ಮಾತಿನಲ್ಲೇ ಕೇಳಿದರು.

"ಹಾಸ್ಟೆಲ್ ಬೇಕನೆ ತಂಗಿ?"

ನಾಗವೇಣಿ ಕೈಯಲ್ಲಿದ್ದ ಲೋಟ ನೋಡಿದಳು. "ಅಡ್ಡಿಲ್ಲೆ" ಎಂದಳು.

"ಅಡ್ಡಿಲ್ಲೆ ಅಂದ್ರೆ ಬೇಕೋ, ಬೇಡವೋ?"

"ತೊಂದ್ರೆ ಆಗ್ತು ಹೇಳಾದ್ರೆ ಬೇಡ."

ನನಗೆ ಅವಳ ಬೆನ್ನಿಗೊಂದು ಗುದ್ದಬೇಕು ಅನ್ನಿಸಿತು. ಹೇಳುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ ಎಂದಲ್ಲ. ಬಾಯಿ ಏಳುತ್ತಿರಲಿಲ್ಲ. ಚಿಕ್ಕವಳಿದ್ದಾಗ ಪರರ ಮನೆಯಲ್ಲಿ ಏನಾದರೂ ಬೇಕು ಎಂದಾಗೆಲ್ಲ ತಾಯಿ ಕಣ್ಣು ಬಿಟ್ಟು ಗದರಿದ್ದರು, ತೊಡೆಗೆ ಚಿವುಟಿದ್ದರು. ಅಪ್ಪನಂತೂ ಜನ್ಮವಿಡೀ ಇನ್ನೊಬ್ಬರಿಗೆ ಬೇಕಾ ಎಂದು ಕೇಳುತ್ತ ನಡೆದವರು. ಅವೆಲ್ಲ ಸೇರಿ ಬೇಕು ಎಂಬ ಆ ಎರಡಕ್ಷರದ ಮೇಲೆ ಕೂತಿದ್ದವು. ರಾಯರು ಏನು ಮಾಡಲಿ ಎನ್ನುವಂತೆ ನನ್ನ ಮುಖ ನೋಡಿದರು. ನನಗೆ ಆ ಕ್ಷಣಕ್ಕೆ ಏನು ಹೊಳೆಯಿತೋ, "ಇಂಗ್ಲಿಷ್‌ನ್ಯಾಗ ಕೇಳ್ರಿ ಸರ್" ಎಂದೆ.

"ಮೊನ್ನೆ ಕೇಳಿದ್ದೂ ಇಂಗ್ಲಿಷಿನಲ್ಲೇ ಮೇಡಂ."

"ಮೊನ್ನೆದು ಮೊದಲನೇ ಸಲದ್ದು. ಈಗಿಂದು ಎರಡನೇದು."

ಅವರು ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತರು. "ನಾಗವೇಣಿ, ಡು ಯು ನೀಡ್ ದ ಹಾಸ್ಟೆಲ್?"

ಹುಡುಗಿ ಲೋಟ ಕೆಳಗಿಟ್ಟಳು. ತಲೆ ಎತ್ತಿ ಅವರ ಮುಖವನ್ನೇ ನೋಡಿದಳು.

"ಯೆಸ್ ಸರ್. ಐ ನೀಡ್ ಇಟ್. ಐ ಮಸ್ಟ್ ಸ್ಟಡಿ. ಐ ಹ್ಯಾವ್ ನೋ ಅದರ್ ಪ್ಲೇಸ್, ಸರ್."

ದನಿ ನಡುಗಲಿಲ್ಲ. ತರಗತಿಯಲ್ಲಿ ನಾನು ಅವಳಿಂದ ಅಷ್ಟು ಗಟ್ಟಿಯಾದ ಮಾತು ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಅವಳನ್ನು ಯಾರೂ ಗದರಿರಲಿಲ್ಲ, ಯಾರೂ ಚಿವುಟಿರಲಿಲ್ಲ. ಆ ಭಾಷೆಯಲ್ಲಿ ಕೇಳುವುದು ನಾಚಿಕೆಗೇಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಸಹ. ಸಾವಿತ್ರಮ್ಮ ಇಂಗ್ಲಿಷ್ ಬಾರದವರು, ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ರಾಯರು, ಕೊಟ್ಟ ಜಾಗವನ್ನು ಕಿತ್ತುಕೊಳ್ಳಲು ತಮ್ಮಿಂದ ಆಗದು, ಆ ಹುಡುಗಿಗೂ ಅಗತ್ಯವಿದೆ ಎಂದರು. ಅದು ನ್ಯಾಯವೇ. ನಾಗವೇಣಿ ತಲೆ ತಗ್ಗಿಸಿದಳು. ಆಗ ಸಾವಿತ್ರಮ್ಮ ಹಾಸ್ಟೆಲ್ಲಿನ ವಾರ್ಡನ್ ಕೋಣೆಯ ಪಕ್ಕದ ಉಗ್ರಾಣದ ಮಾತೆತ್ತಿದರು. ಅಲ್ಲಿ ಒಡೆದ ಬೆಂಚು, ಖಾಲಿ ಡಬ್ಬಿ ಬಿಟ್ಟರೆ ಏನಿದೆ ಎಂದರು. ಕಮಿಟಿಯವರನ್ನು ಕೇಳಬೇಕಾಗುತ್ತದೆ ಎಂದರು ರಾಯರು. "ಕೇಳಿ. ಬೇಡ ಹೇಳಿರೆ ಇನ್ನೊಂದು ಸಲ ಕೇಳಿ" ಎಂದರು ಹೆಂಡತಿ. ಕಾಲೇಜು ಶುರುವಾಗುವ ಹೊತ್ತಿಗೆ ಉಗ್ರಾಣಕ್ಕೆ ಸುಣ್ಣ ಹೊಡೆದು ಒಂದು ಮಂಚ ಹಾಕಿದ್ದರು. ನಾಗವೇಣಿ ಎರಡು ವರ್ಷ ಅಲ್ಲಿದ್ದು ಪಿಯುಸಿ ಮುಗಿಸಿದಳು, ಮುಂದೆ ಹುಬ್ಬಳ್ಳಿಗೆ ಹೋಗಿ ನರ್ಸಿಂಗ್ ಕಲಿತಳು.

ಎರಡು ಸಾವಿರದ ಈಚೆಗೆ ನಮ್ಮ ಕೆಲಸದ ರೀತಿ ಬದಲಾಯಿತು. ವ್ಯಾಕರಣ ಉರು ಹೊಡೆಸುವುದು ಹೋಗಿ ಸಂಭಾಷಣೆ, ಚಟುವಟಿಕೆ ಎಂದೆಲ್ಲ ಬಂತು. ತರಬೇತಿಗೆ ಕರೆದು ಕ್ಯಾಸೆಟ್ ಹಾಕಿದರು, ಬಣ್ಣದ ಚಾರ್ಟು ಕೊಟ್ಟರು. ಗುಂಪಿನಲ್ಲಿ ಕೂರಿಸಿ ಆಟದ ಮೂಲಕ ಕಲಿಸಬೇಕು ಎಂದು ಹೇಳಿದ ಸಂಪನ್ಮೂಲ ವ್ಯಕ್ತಿ ನಸ್ಯ ಹಾಕುತ್ತಿದ್ದರು. ಅದೇ ಪರಿವೀಕ್ಷಕರು. ನನ್ನ ಪಂಕ್ತಿ ಪಾಠ ಅವರಿಗೆ ನೆನಪಿರಲಿಲ್ಲ, ನಾನೂ ನೆನಪಿಸಲಿಲ್ಲ. ಅಷ್ಟರಲ್ಲಿ ನನಗೆ ಶಿರಸಿಗೆ ವರ್ಗವಾಗಿತ್ತು. ಯಾವ ಚಾರ್ಟು ಬಂದರೂ ನನ್ನ ಕ್ರಮ ಮಾತ್ರ ಒಂದೇ ಇತ್ತು, ಈಚೆಗೆ ಮನೆಗೆ ಬಂದ ಆ ಹೊಸ ಶಿಕ್ಷಕಿಗೂ ಅದನ್ನೇ ಹೇಳಿದೆ. ಮಸ್ಟ್, ಶುಡ್ ಎಲ್ಲ ತಾವಾಗಿ ಬರುತ್ತವೆ, ಮೂರು ಕಂಬ ಎಳೆದರೆ ಸಾಕು. ನೀಡ್ ಕಲಿಸುವಾಗ ಮಾತ್ರ ಪೆನ್ಸಿಲ್ಲು, ಅನ್ನ, ಪಾಯಸದ ಮೇಲೆ ನಿಲ್ಲಬೇಡ. ಪ್ರತಿಯೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ, ತಮಗೆ ನಿಜವಾಗಿ ಬೇಕಾದ ಒಂದನ್ನು 'ಐ ನೀಡ್' ಎಂದು ಗಟ್ಟಿಯಾಗಿ ಹೇಳಿಸು. ಹೇಳದಿದ್ದರೆ ಇನ್ನೊಂದು ಸಲ ಕೇಳು. ಅವಳು ಚಹಾ ಕುಡಿಯುತ್ತ ಬರೆದುಕೊಂಡಳು.

ನಿವೃತ್ತಿಗೆ ಸ್ವಲ್ಪ ಮೊದಲು ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ನನ್ನ ಕಾಲು ಮುರಿಯಿತು. ಶಿರಸಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ ಕಬ್ಬಿಣದ ಸರಳು ಹಾಕಿದರು. ಕಣ್ಣು ಬಿಟ್ಟಾಗ ಮಂಚದ ಪಕ್ಕ ನಾಗವೇಣಿ ಇದ್ದಳು. ಹುಬ್ಬಳ್ಳಿಯಿಂದ ಬಂದು ಅಲ್ಲೇ ಕೆಲಸಕ್ಕೆ ಸೇರಿದ್ದಳು. ಜೊತೆಯ ನರ್ಸುಗಳು ಅವಳ ಮೇಲೆ ಒಂದು ದೂರು ಹೇಳಿದರು. ಇವಳ ಪಾಳಿಯಲ್ಲಿ ಕೆಲಸ ಮುಗಿಯುವುದೇ ಇಲ್ಲ, ಪ್ರತಿ ಪೇಷಂಟಿನ ಹತ್ತಿರವೂ ಎರಡೆರಡು ಸಲ ಹೋಗಿ ನೋವಿದೆಯಾ, ಏನಾದರೂ ಬೇಕಾ ಎಂದು ಕೇಳುತ್ತಾಳೆ ಎಂದು.

ಮರುದಿನ ಬೆಳಿಗ್ಗೆ ಮತ್ತಿನ ಔಷಧಿಯ ಬಲ ಪೂರಾ ಇಳಿದಿತ್ತು. ಮೂಳೆಯೊಳಗೆ ಯಾರೋ ಗರಗಸ ಆಡಿಸಿದಂಥ ನೋವು. ಹಲ್ಲು ಕಚ್ಚಿ ಮಲಗಿದ್ದೆ. ನಾಗವೇಣಿ ಟ್ರೇ ಹಿಡಿದು ಬಂದಳು.

"ಅಕ್ಕೋರೆ, ನೋವಿಗೆ ಇಂಜೆಕ್ಷನ್ ಬೇಕಾ?"

"ಬ್ಯಾಡ ಬಿಡವಾ" ಎಂದೆ. "ಎಷ್ಟು ಮಂದಿ ಅದಾರ ನಿನಗ ನೋಡಾಕ. ಅಡ್ಡಿಲ್ಲ."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಟ್ರಂಕು ಇಳಿಸಿದ ದಿನ ಚಹಾದ ಜೋಡಿಗೆ ತಿನ್ನಲೂ ಕೇಳಿದ ಹೆಂಗಸು ಎಲ್ಲಿ ಹೋದಳೋ ಗೊತ್ತಿಲ್ಲ. ನಾಗವೇಣಿ ಅಲ್ಲಿಂದ ಕದಲಲಿಲ್ಲ. ಟ್ರೇಯನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡಿದಳು.

"ಮೇಡಂ," ಎಂದಳು, "ಡು ಯು ನೀಡ್ ಇಟ್?"

ನಾನು ತಲೆ ತಿರುಗಿಸಿ ಅವಳನ್ನು ನೋಡಿದೆ. ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ.

"ಯೆಸ್, ನಾಗವೇಣಿ. ಐ ನೀಡ್ ಇಟ್."

ಅವಳು ಸಿರಿಂಜಿಗೆ ಔಷಧಿ ಎಳೆದುಕೊಂಡಳು.